ಸಾವಿರ ಡ್ರೋನ್ ಇದ್ದರೆ ಕಡಲು ಕಾಯಬಹುದೇ?

ಪ್ರಶ್ನೆ: ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕಪ್ಪು ಸಮುದ್ರದಲ್ಲಿ ಉಕ್ರೇನಿನ ಡ್ರೋನ್ ದೋಣಿಗಳು ರಷ್ಯಾದ ಹಡಗುಗಳನ್ನು ಮುಳುಗಿಸಿದ ವಿಡಿಯೊಗಳನ್ನು ತರಗತಿಯಲ್ಲಿ ತೋರಿಸಿದೆ. ಆವತ್ತಿನಿಂದ ಮಕ್ಕಳದು ಒಂದೇ ಮಾತು: "ಇನ್ನು ದೊಡ್ಡ ಹಡಗು ಯಾಕೆ ಸರ್? ಒಂದು ಯುದ್ಧನೌಕೆಯ ದುಡ್ಡಿಗೆ ಸಾವಿರಾರು ಡ್ರೋನ್ ಬರುತ್ತವಲ್ಲ?" ಕಡಿಮೆ ದುಡ್ಡಿನ ಸಣ್ಣ ದೇಶವೊಂದು ಡ್ರೋನ್‌ಗಳನ್ನೇ ನಂಬಿ ತನ್ನ ಕರಾವಳಿ ಕಾಯಬಹುದಾ? ಹಾರುವ ಡ್ರೋನ್ ಮೇಲೋ, ನೀರಿನ ಮೇಲೆ ಓಡುವುದು ಮೇಲೋ? ಸಿಗ್ನಲ್ ಜಾಮ್ ಮಾಡಿದರೆ ಎಲ್ಲವೂ ನಿಂತುಹೋಗುತ್ತವೆ ಅಂತಲೂ ಓದಿದ್ದೇನೆ, ನಿಜವೇ? ಇನ್ನೊಂದು ಮನೆಯ ವಿಚಾರ. ಮಗಳು ನೌಕಾಪಡೆ ಸೇರಲು ಓದುತ್ತಿದ್ದಾಳೆ. "ಮುಳುಗೋ ಹಡಗು ಹತ್ತಿಸ್ತೀರಾ" ಅಂತ ನೆಂಟರು ಹೆದರಿಸುತ್ತಿದ್ದಾರೆ. ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು ತರಗತಿಯದು, ಇನ್ನೊಂದು ಮನೆಯದು. ಎರಡಕ್ಕೂ ಬೇರು ಒಂದೇ: ಅಗ್ಗದ ಡ್ರೋನ್ ಬಂದಮೇಲೆ ದೊಡ್ಡ ಹಡಗಿನ ಕಾಲ ಮುಗಿಯಿತೇ? ಮುಗಿದಿಲ್ಲ. ಆದರೆ ಮಕ್ಕಳು ಸುಮ್ನೆ ಏನೋ ಹೇಳುತ್ತಿಲ್ಲ. ಅವರು ಕಂಡದ್ದು ನಿಜ. ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟಿದ್ದಾರೆ, ಅಷ್ಟೇ. ಅದು ಯಾವುದು ಅಂತ ಹೇಳುತ್ತೇನೆ.

ಮೊದಲು ಅವರ ಲೆಕ್ಕವನ್ನೇ ಹಿಡಿಯೋಣ. ಉಕ್ರೇನಿನ ಮಗೂರಾ ವಿ5 ದೋಣಿಯ ಉದ್ದ ಐದೂವರೆ ಮೀಟರ್. ಸುಮಾರು 320 ಕೆಜಿ ಸ್ಫೋಟಕ ಹೊರುತ್ತದೆ. ಬೆಲೆ ಎರಡೂವರೆಯಿಂದ ಮೂರು ಲಕ್ಷ ಡಾಲರ್ ಎನ್ನುತ್ತಾರೆ. ಒಂದು ಆಧುನಿಕ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ, ಕಟ್ಟಲು ನೂರು ಕೋಟಿ ಡಾಲರ್ ಆಸುಪಾಸು ಬೇಕು. ಅಂದರೆ ಒಂದು ಹಡಗಿನ ದುಡ್ಡಿಗೆ ಮೂರರಿಂದ ನಾಲ್ಕು ಸಾವಿರ ದೋಣಿ. ಕಾಗದದ ಮೇಲೆ ಹಡಗು ಸೋತೇ ಹೋಯಿತು.

ಈಗ ಆ ದೋಣಿಯನ್ನು ನೀರಿಗಿಳಿಸಿ ನೋಡಿ. ಕತ್ತಲು, ನೂರಾರು ಕಿಲೋಮೀಟರ್ ನೀರು. ಹಡಗು ಎಲ್ಲಿದೆ? ಯಾವ ಕಡೆ ಹೋಗುತ್ತಿದೆ? ಅದು ಯುದ್ಧನೌಕೆಯೋ, ಗೋಧಿ ತುಂಬಿದ ಸರಕು ಹಡಗೋ? ಇದಕ್ಕೆ ಉತ್ತರ ದೋಣಿಯಲ್ಲಿಲ್ಲ. ಉಪಗ್ರಹದಲ್ಲಿ, ಕಣ್ಗಾವಲು ವಿಮಾನದಲ್ಲಿ, ದಡದ ರೇಡಾರಿನಲ್ಲಿ, ಕದ್ದು ಕೇಳಿದ ರೇಡಿಯೊ ಮಾತಿನಲ್ಲಿ ಇದೆ. ಇವೆಲ್ಲವನ್ನೂ ಒಟ್ಟು ಮಾಡಿ, ಅರ್ಥ ಮಾಡಿಕೊಂಡು, ತಡಮಾಡದೆ ದೋಣಿ ನಡೆಸುವವನಿಗೆ ತಲುಪಿಸುವ ಜನರಲ್ಲಿ ಇದೆ. ಮಕ್ಕಳು ಬಿಟ್ಟ ಬಾಬತ್ತು ಇದೇ. ಡ್ರೋನ್ ಅಗ್ಗ. ಅದಕ್ಕೆ ದಾರಿ ತೋರಿಸುವ ಕಣ್ಣು ಅಗ್ಗವಲ್ಲ.

ಇದನ್ನು ಯಾರಾದರೂ ತಾವೇ ಲೆಕ್ಕ ಹಾಕಿ ನೋಡಬಹುದು. ಇರಾನಿನ ಶಾಹೆದ್-136 ಮಾದರಿಯ ಹಾರುವ ಡ್ರೋನ್ ಗಂಟೆಗೆ ಸುಮಾರು 185 ಕಿಮೀ ವೇಗದಲ್ಲಿ ಹೋಗುತ್ತದೆ. ಗುರಿ 300 ಕಿಮೀ ದೂರದಲ್ಲಿದೆ ಎಂದುಕೊಳ್ಳಿ. ತಲುಪಲು ಗಂಟೆ ಮೂವತ್ತೇಳು ನಿಮಿಷ ಬೇಕು. ಅಷ್ಟರಲ್ಲಿ 20 ನಾಟ್ (ಗಂಟೆಗೆ ಸುಮಾರು 37 ಕಿಮೀ) ವೇಗದ ಹಡಗು 60 ಕಿಮೀ ಸರಿದಿರುತ್ತದೆ, ಅದೂ ಯಾವ ದಿಕ್ಕಿಗಾದರೂ! ಹೊರಟಾಗ ಕೊಟ್ಟ ಗುರುತು ಹಿಡಿದು ಹೋದ ಡ್ರೋನ್ ಖಾಲಿ ನೀರಿಗೆ ಬೀಳುತ್ತದೆ. ಅದಕ್ಕೇ ಈ ಜಾತಿಯ ಡ್ರೋನ್ ಬಂದರು, ಇಂಧನ ಟ್ಯಾಂಕ್, ಲಂಗರು ಹಾಕಿದ ಹಡಗಿನಂಥ ನಿಂತ ಗುರಿಗೆ ಸರಿ. ಓಡುವ ಹಡಗಿಗೆ ದಾರಿಯುದ್ದಕ್ಕೂ ಯಾರಾದರೂ ಹೊಸ ಗುರುತು ಕೊಡುತ್ತಿರಬೇಕು, ಇಲ್ಲವೇ ಡ್ರೋನಿಗೇ ಹುಡುಕುವ ಸಾಧನ ಜೋಡಿಸಬೇಕು. ಜೋಡಿಸಿದ ಕೂಡಲೇ ಬೆಲೆ ಏರುತ್ತದೆ.

ಹಾಗಾದರೆ ಕಪ್ಪು ಸಮುದ್ರದಲ್ಲಿ ಏನಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಎಲ್ಲರೂ ಪಾಠ ಕಲಿಯುತ್ತಿರುವುದು ಇದೇ ಒಂದು ಕಡಲಿನಿಂದ.

ರಷ್ಯಾದ ಮಾಸ್ಕ್ವಾ ಹಡಗು ಮುಳುಗಿದ್ದನ್ನೂ ಡ್ರೋನಿನ ಖಾತೆಗೆ ಬರೆಯುವವರಿದ್ದಾರೆ. ಅದು ತಪ್ಪು. 2022ರ ಏಪ್ರಿಲ್‌ನಲ್ಲಿ ಅದಕ್ಕೆ ಬಡಿದದ್ದು ದಡದಿಂದ ಹಾರಿಸಿದ ಎರಡು ನೆಪ್ಚೂನ್ ಕ್ಷಿಪಣಿಗಳು. ಆ ಹಡಗು ಸುತ್ತಲಿನ ಕಡಲಿಗೆ ವಾಯುರಕ್ಷಣೆಯ ಛತ್ರಿಯಂತಿತ್ತು. ಮರು ತಿಂಗಳೇ ಸ್ನೇಕ್ ದ್ವೀಪದ ಬಳಿ ಉಕ್ರೇನಿನ ಬೈರಕ್ತಾರ್ ಟಿಬಿ2 ಡ್ರೋನ್‌ಗಳು ರಷ್ಯಾದ ಗಸ್ತು ದೋಣಿಗಳನ್ನೂ, ನೆಲಕ್ಕಿಳಿದಿದ್ದ ಒಂದು ಹೆಲಿಕಾಪ್ಟರನ್ನೂ ಹೊಡೆದವು. ಅವು ಹೊತ್ತಿದ್ದ ಬಾಂಬಿನ ತೂಕ ಬರೀ 22 ಕೆಜಿ. ಮೇಲಿನ ರಕ್ಷಣೆ ತೆಳುವಾಗಿದ್ದ ಕಡೆ ನಿಧಾನದ ಡ್ರೋನಿಗೂ ಕೆಲಸ ಸಿಕ್ಕಿತು. ರಕ್ಷಣೆ ಗಟ್ಟಿಯಾದ ಕಡೆ ಅದೇ ಟಿಬಿ2 ಹಿಂದೆ ಸರಿಯಿತು.

ಡ್ರೋನ್ ದೋಣಿಗಳ ಕಥೆ ನಿಜಕ್ಕೂ ಶುರುವಾದದ್ದು 2022ರ ಅಕ್ಟೋಬರ್ 29ರಂದು ಕ್ರಿಮಿಯಾದಲ್ಲಿರುವ ರಷ್ಯಾದ ನೌಕಾನೆಲೆ ಸೆವಾಸ್ತೊಪೋಲ್ ಮೇಲೆ ನಡೆದ ದಾಳಿಯಿಂದ. 2023ರ ಆಗಸ್ಟ್ 4ರಂದು ರಷ್ಯಾದ ನೊವೊರೊಸಿಸ್ಕ್ ಬಂದರಿನ ಬಳಿ ಒಲೆನೆಗೊರ್ಸ್ಕಿ ಗೊರ್ನ್ಯಾಕ್ ಎಂಬ ಪಡೆ ಸಾಗಿಸುವ ಹಡಗಿಗೆ ಪೆಟ್ಟು ಬಿತ್ತು. 2024ರಲ್ಲಂತೂ ಐದೇ ವಾರದಲ್ಲಿ ಮೂರು ಹಡಗು ಹೋದವು: ಫೆಬ್ರವರಿ 1ಕ್ಕೆ ಇವಾನೊವೆಟ್ಸ್, 14ಕ್ಕೆ ಸೀಸರ್ ಕುನಿಕೊವ್, ಮಾರ್ಚ್ 5ಕ್ಕೆ ಸೆರ್ಗೆ ಕೊಟೊವ್.

ನೀವು ತೋರಿಸಿದ ವಿಡಿಯೊ ಇವಾನೊವೆಟ್ಸ್ ಹಡಗಿನದೇ ಇರಬೇಕು. ಇನ್ನೊಮ್ಮೆ ತೋರಿಸುವಾಗ ಮಕ್ಕಳಿಗೆ ಎರಡು ವಿಷಯ ಗಮನಿಸಲು ಹೇಳಿ. ಮೊದಲನೆಯದು, ಹಡಗಿನಿಂದ ಗುಂಡು ಹಾರುತ್ತಿದೆ, ದೋಣಿಯ ಸುತ್ತ ನೀರು ಚಿಮ್ಮುತ್ತಿದೆ, ಆದರೂ ದೋಣಿ ಬರುತ್ತಲೇ ಇದೆ. ಎರಡನೆಯದು, ಅದು ಒಂಟಿ ದೋಣಿಯಲ್ಲ. ಮೊದಲಿನದು ಹಿಂಭಾಗಕ್ಕೆ ಬಡಿದು ಹಡಗಿನ ಓಟ ಕೆಡಿಸುತ್ತದೆ. ಮುಂದಿನದು ಆಗಲೇ ಗಾಯವಾದ ಮಗ್ಗುಲನ್ನು ಹುಡುಕಿಕೊಂಡು ಬರುತ್ತದೆ. ಕೊನೆಗೆ ಹಡಗಿನ ಮೂತಿ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಇದು ಗುಂಪಾಗಿ ಮಾಡಿದ ಬೇಟೆ. ಪ್ರತಿ ದೋಣಿಯ ಹಿಂದೆ ದೂರದ ಕೋಣೆಯೊಂದರಲ್ಲಿ ಪರದೆ ನೋಡುತ್ತಾ ಕೂತ ನುರಿತ ಮನುಷ್ಯ ಇದ್ದಾನೆ.

ಹಡಗಿನವರಿಗೆ ಮೊದಲೇ ಕಾಣಲಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ನಾನು ವರ್ಷಗಟ್ಟಲೆ ಹಡಗಿನ ರೇಡಾರ್ ಪರದೆ ಮುಂದೆ ಕೂತವನು, ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು. ಲೆಕ್ಕದ ಪ್ರಕಾರ, 20 ಮೀಟರ್ ಎತ್ತರದ ರೇಡಾರಿಗೆ ನೀರಿನಿಂದ ಅರ್ಧ ಮೀಟರ್ ಮೇಲಿರುವ ವಸ್ತು ಸುಮಾರು 21 ಕಿಮೀ ದೂರದಿಂದ ಕಾಣಬೇಕು. ಅಲೆ ಎದ್ದ ರಾತ್ರಿ ಈ ಲೆಕ್ಕ ನಡೆಯುವುದಿಲ್ಲ. ಪರದೆಯ ನಡುವೆ ಅಕ್ಕಿ ಎರಚಿದ ಹಾಗೆ ಚುಕ್ಕಿಗಳು. ಪ್ರತಿ ಅಲೆಯೂ ಒಂದು ಚುಕ್ಕಿ. ಒಂದು ರಾತ್ರಿ ಆ ಚುಕ್ಕಿಗಳಲ್ಲಿ ಒಂದು ಮಾತ್ರ ಅಳಿಸಿಹೋಗದೆ ಉಳಿಯಿತು. ಬಂತು, ಹೋಯಿತು, ಮತ್ತೆ ಬಂತು. ನಾನು ಕೂಗಿ ಹೇಳುವ ಹೊತ್ತಿಗೆ ಮೇಲೆ ಕಾವಲಿದ್ದ ಹುಡುಗನಿಗೆ ಬರಿಗಣ್ಣಿಗೇ ಅದರ ಲಾಟೀನು ಕಂಡಿತ್ತು. ಬಲೆ ಬಿಟ್ಟು ಕೂತಿದ್ದ ಮರದ ದೋಣಿ, ಇಬ್ಬರು ಮೀನುಗಾರರು. ನಮಗೂ ಅವರಿಗೂ ನಡುವೆ ಮೂರು ಕಿಲೋಮೀಟರೂ ಇರಲಿಲ್ಲ.

ಅದೇ ಜಾಗದಲ್ಲಿ 40 ನಾಟ್ ವೇಗದ ಡ್ರೋನ್ ದೋಣಿ ಇದ್ದಿದ್ದರೆ ನಮಗೆ ಸಿಗುತ್ತಿದ್ದದ್ದು ಎರಡೂವರೆ ನಿಮಿಷ. ಅಷ್ಟರಲ್ಲಿ ಗುರುತಿಸಬೇಕು, ಶತ್ರುವೇ ಹೌದೆಂದು ಖಚಿತ ಮಾಡಿಕೊಳ್ಳಬೇಕು, ಬಂದೂಕು ತಿರುಗಿಸಬೇಕು, ಹೊಡೆಯಬೇಕು. ಬರುವುದು ಒಂದಲ್ಲ, ಆರು ಅಂತ ಇಟ್ಟುಕೊಳ್ಳಿ. ಆ ಲಾಟೀನು ನನಗೆ ಇವತ್ತಿಗೂ ನೆನಪಾಗುತ್ತದೆ.

ಕಡಲ ಡ್ರೋನಿಗೂ ಹಾರುವ ಡ್ರೋನಿಗೂ ಇರುವ ದೊಡ್ಡ ವ್ಯತ್ಯಾಸ, ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು. ಹಾರಿ ಬಂದದ್ದು ರೇಡಾರ್, ಆಂಟೆನಾ, ಕ್ಷಿಪಣಿ ಪೆಟ್ಟಿಗೆ ಕೆಡಿಸಬಹುದು, ಬೆಂಕಿ ಹಚ್ಚಬಹುದು. ಹಡಗು ಕುರುಡಾಗುತ್ತದೆ, ಆದರೆ ಸಾಮಾನ್ಯವಾಗಿ ತೇಲುತ್ತಿರುತ್ತದೆ. 1987ರಲ್ಲಿ ಅಮೆರಿಕದ ಸ್ಟಾರ್ಕ್ ಹಡಗಿಗೆ ಎರಡು ಎಕ್ಸೋಸೆಟ್ ಕ್ಷಿಪಣಿ ಬಡಿದು 37 ನಾವಿಕರು ಸತ್ತರು. ಹಡಗು ಮಾತ್ರ ಮುಳುಗಲಿಲ್ಲ. ನೀರಿನ ಮಟ್ಟದಲ್ಲಿ 300 ಕೆಜಿ ಸಿಡಿದರೆ ಒಳಗೆ ನುಗ್ಗುವುದು ಸಮುದ್ರ. ಹಾಗಾಗಿ ಯಾವುದು ಮೇಲು ಎಂದು ಕೇಳಿದರೆ, ಮುಳುಗಿಸಲು ನೀರಿನದು, ಹುಡುಕಲು ಮತ್ತು ಕುರುಡು ಮಾಡಲು ಹಾರುವುದು. ಎಫ್‌ಪಿವಿ ಎನ್ನುವ, ಕ್ಯಾಮೆರಾ ಕಣ್ಣಿನಲ್ಲಿ ನೋಡುತ್ತಾ ದೂರದಿಂದ ನಡೆಸುವ ಪುಟ್ಟ ಡ್ರೋನ್‌ಗಳು ಇನ್ನೂ ಅಗ್ಗ, ಕೆಲವು ನೂರು ಡಾಲರ್. ಒಂದೆರಡು ಕೆಜಿ ಹೊತ್ತು ಹತ್ತಿಪ್ಪತ್ತು ಕಿಮೀ ಹೋಗುತ್ತವೆ. ಅವು ಹಡಗು ಮುಳುಗಿಸಲಾರವು. ಆದರೆ ದಡಕ್ಕೆ ಬರುತ್ತಿರುವ ಪಡೆಯ ದೋಣಿಗಳಿಗೆ ಕೊನೆಯ ಹತ್ತು ಕಿಲೋಮೀಟರ್ ನರಕ ಮಾಡಬಲ್ಲವು.

ಜಾಮಿಂಗ್ ವಿಚಾರ. ನೀವು ಓದಿದ್ದು ಅರ್ಧ ನಿಜ. ದಡದಿಂದ ರೇಡಿಯೊದಲ್ಲಿ ನಡೆಸುವ ಡ್ರೋನನ್ನು ಜಾಮರ್ ದಾರಿ ತಪ್ಪಿಸಬಲ್ಲದು. ಜಿಪಿಎಸ್‌ಗೂ ಅದೇ ಗತಿ. ಉಪಗ್ರಹದ ಮೂಲಕ ನಡೆಯುವ ದೋಣಿಯನ್ನು ಜಾಮ್ ಮಾಡುವುದು ಕಷ್ಟ, ಯಾಕೆಂದರೆ ಅದರ ಆಂಟೆನಾ ಆಕಾಶದ ಕಡೆ ಮುಖ ಮಾಡಿರುತ್ತದೆ. ಆದರೆ ಅಲ್ಲಿ ಇನ್ನೊಂದು ತೊಡಕು. ಆ ಉಪಗ್ರಹ ಯಾರದ್ದು? ಕ್ರಿಮಿಯಾ ಬಳಿ ಉಪಗ್ರಹ ಇಂಟರ್ನೆಟ್ ಸೇವೆಯಾದ ಸ್ಟಾರ್‌ಲಿಂಕ್ ಆನ್ ಮಾಡಿ ಎಂದು 2022ರಲ್ಲಿ ಬಂದ ಕೋರಿಕೆಗೆ ತಾನು ಒಪ್ಪಲಿಲ್ಲ ಎಂದು ಅದರ ಒಡೆಯ ಇಲಾನ್ ಮಸ್ಕ್ 2023ರಲ್ಲಿ ತಾವೇ ಹೇಳಿದರು. ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಕರಾವಳಿ ಕಾಯುವ ದೇಶಕ್ಕೆ ಇದರ ಅರ್ಥ ಒಂದೇ: ಆಯುಧ ನಿಮ್ಮದು, ಅದರ ಕೀಲಿ ಇನ್ನೊಬ್ಬರ ಕೈಲಿ. ಸಣ್ಣ ದೇಶಗಳ ಅಧಿಕಾರಿಗಳ ಜೊತೆ ಮಾತಾಡುವಾಗ ನಾನು ಮೊದಲು ಕೇಳುವುದು ಡ್ರೋನ್ ಎಷ್ಟಿವೆ ಅಂತಲ್ಲ, ಸಂಪರ್ಕ ಯಾರದು ಅಂತ.

ಸಂಪರ್ಕವೇ ಬೇಡ, ಡ್ರೋನ್ ತಾನೇ ಗುರಿ ಗುರುತಿಸಲಿ ಎನ್ನುವವರೂ ಇದ್ದಾರೆ. ತಾಂತ್ರಿಕವಾಗಿ ಆ ಕಡೆಗೇ ಹೋಗುತ್ತಿದ್ದೇವೆ. ನನಗೆ ಭಯ ಇರುವುದೂ ಅಲ್ಲೇ. 2024ರ ಜೂನ್ 12ರಂದು ಕೆಂಪು ಸಮುದ್ರದಲ್ಲಿ ಟ್ಯೂಟರ್ ಎಂಬ ಕಲ್ಲಿದ್ದಲು ಹಡಗಿನ ಹಿಂಭಾಗಕ್ಕೆ ಯೆಮೆನ್ನಿನ ಬಂಡುಕೋರರಾದ ಹೂತಿಗಳ ಡ್ರೋನ್ ದೋಣಿ ಬಡಿಯಿತು. ಎಂಜಿನ್ ಕೋಣೆಯಲ್ಲಿದ್ದ ಫಿಲಿಪೀನ್ಸಿನ ನಾವಿಕನೊಬ್ಬ ಪ್ರಾಣ ಕಳೆದುಕೊಂಡ. ಹಡಗು ಕೆಲವು ದಿನಗಳಲ್ಲಿ ಮುಳುಗಿತು. ಆ ಮನುಷ್ಯನಿಗೂ ಯಾವ ಯುದ್ಧಕ್ಕೂ ಸಂಬಂಧವಿರಲಿಲ್ಲ. ಅಲ್ಲಿ ಗುರಿ ಆರಿಸಿದ್ದು ಮನುಷ್ಯರೇ. ಯಂತ್ರವೇ ಆರಿಸುವ ದಿನ ಬಂದರೆ ಕತ್ತಲಲ್ಲಿ ಸರಕು ಹಡಗಿಗೂ ಯುದ್ಧನೌಕೆಗೂ ವ್ಯತ್ಯಾಸ ತಿಳಿಯುವ ಜವಾಬ್ದಾರಿ ಯಾರದು? ಇನ್ನೂ ಒಂದು ಮಾತು. ಸಣ್ಣ ದೋಣಿ ಆಯುಧವಾದ ಕಡಲಿನಲ್ಲಿ ಪ್ರತಿ ಸಣ್ಣ ದೋಣಿಯೂ ಅನುಮಾನಕ್ಕೆ ಗುರಿಯಾಗುತ್ತದೆ. ನನ್ನ ಪರದೆಯ ಮೇಲಿನ ಆ ಇಬ್ಬರು ಮೀನುಗಾರರಿಗೆ ಎರಡೂವರೆ ನಿಮಿಷದಲ್ಲಿ ತಾವು ನಿರಪರಾಧಿಗಳು ಅಂತ ತೋರಿಸಲು ಆಗುತ್ತಿತ್ತೇ? ಡ್ರೋನ್‌ನಿಂದ ಕರಾವಳಿ ಕಾಯುವ ಯಾವ ಯೋಜನೆಯೂ ತನ್ನ ಮೀನುಗಾರರಿಗೆ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು, ಹೇಗೆ ಗುರುತು ತೋರಿಸಬೇಕು ಎಂದು ಮೊದಲೇ ಹೇಳಿಕೊಡದಿದ್ದರೆ ಅದು ಅರೆಬರೆ ಯೋಜನೆ.

ಖರ್ಚಿನ ಮಾತು ಬಂದಾಗ ಎಲ್ಲರೂ ಕೆಂಪು ಸಮುದ್ರದ ಉದಾಹರಣೆ ಕೊಡುತ್ತಾರೆ. ಇಪ್ಪತ್ತರಿಂದ ಐವತ್ತು ಸಾವಿರ ಡಾಲರ್ ಅಂದಾಜಿನ ಹೂತಿ ಡ್ರೋನನ್ನು ಕೆಡವಲು ಅಮೆರಿಕದ ಸುಮಾರು ಇಪ್ಪತ್ತು ಲಕ್ಷ ಡಾಲರಿನ ಎಸ್‌ಎಂ-2 ಕ್ಷಿಪಣಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಲ್ವಾ? ಹೌದು, ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ಕಾಯುವವನು ಕ್ಷಿಪಣಿಯ ಬೆಲೆಯನ್ನು ಡ್ರೋನಿನ ಬೆಲೆಗೆ ಹೋಲಿಸುವುದಿಲ್ಲ. ತನ್ನ ಹಡಗಿಗೂ ಅದರಲ್ಲಿರುವ ಮುನ್ನೂರು ಜೀವಗಳಿಗೂ ಹೋಲಿಸುತ್ತಾನೆ. ನಿಜವಾದ ಸಂಕಟ ದುಡ್ಡಿನದಲ್ಲ, ದಾಸ್ತಾನಿನದು. ಅಮೆರಿಕದ ಒಂದು ಡೆಸ್ಟ್ರಾಯರ್‌ನಲ್ಲಿ ತೊಂಬತ್ತು ಚಿಲ್ಲರೆ ಕ್ಷಿಪಣಿ ಕೊಳವೆಗಳಿವೆ. ಖಾಲಿಯಾದರೆ ಬಂದರಿಗೆ ಹೋಗಿಯೇ ತುಂಬಿಸಿಕೊಳ್ಳಬೇಕು. ಅಗ್ಗದ ಡ್ರೋನ್ ಗುರಿ ಮುಟ್ಟದಿದ್ದರೂ ಆ ಕೊಳವೆಗಳನ್ನು ಒಂದೊಂದಾಗಿ ಖಾಲಿ ಮಾಡಿಸುತ್ತದೆ. ಅದಕ್ಕೇ ಈಗ ಎಲ್ಲರೂ ಫಿರಂಗಿ, ಲೇಸರ್, ಡ್ರೋನನ್ನೇ ಹೊಡೆಯುವ ಡ್ರೋನ್ ಕಡೆ ತಿರುಗಿದ್ದಾರೆ.

ಎದುರಾಳಿಯೂ ಕಲಿಯುತ್ತಾನೆ, ಇದನ್ನು ಮರೆಯಬೇಡಿ. 2023ರ ಮೇ ತಿಂಗಳಲ್ಲಿ ಇವಾನ್ ಖುರ್ಸ್ ಎಂಬ ಹಡಗಿನ ಕಡೆ ಬಂದ ಡ್ರೋನ್ ದೋಣಿಯೊಂದನ್ನು ನಾವಿಕರು ಗುಂಡಿಟ್ಟು ಸಿಡಿಸಿದ ವಿಡಿಯೊವನ್ನು ರಷ್ಯಾ ತೋರಿಸಿತು. ಬಂದರಿನ ಬಾಯಿಗೆ ತೇಲುವ ತಡೆ ಹಾಕಿದರು, ದೋಣಿ ಬೇಟೆಗೆ ಹೆಲಿಕಾಪ್ಟರ್ ಬಿಟ್ಟರು. ಅದಕ್ಕೆ ಉತ್ತರವಾಗಿ ಉಕ್ರೇನ್ ದೋಣಿಗೆ ಕ್ಷಿಪಣಿ ಜೋಡಿಸಿತು. 2024ರ ಡಿಸೆಂಬರ್ 31ರಂದು ಅಂಥ ದೋಣಿಯಿಂದ ಎಂಐ-8 ಹೆಲಿಕಾಪ್ಟರ್ ಕೆಡವಿದ್ದಾಗಿ ಹೇಳಿತು. ನೋಡಿ, ಒಂದೊಂದು ಹೆಜ್ಜೆಗೂ ದೋಣಿಯ ಬೆಲೆ ಏರುತ್ತಾ ಹೋಗುತ್ತದೆ. ಇವತ್ತು ಸಾವಿರ ದೋಣಿ ಕೊಂಡು ಗೋದಾಮಿನಲ್ಲಿ ಇಟ್ಟರೆ ಎರಡು ವರ್ಷದಲ್ಲಿ ಅವು ಹಳತಾಗಿರುತ್ತವೆ.

"ದೊಡ್ಡ ಹಡಗಿನ ಕಾಲ ಮುಗಿಯಿತು" ಎಂಬ ಮಾತೂ ಹೊಸದಲ್ಲ. 1941ರ ಮಾರ್ಚ್‌ನಲ್ಲಿ ಇಟಲಿಯವರು ಕ್ರೀಟ್ ದ್ವೀಪದ ಸೂಡಾ ಕೊಲ್ಲಿಗೆ ಸ್ಫೋಟಕ ತುಂಬಿದ ಪುಟ್ಟ ದೋಣಿಗಳನ್ನು ನುಗ್ಗಿಸಿ ಬ್ರಿಟನ್ನಿನ ಯಾರ್ಕ್ ಎಂಬ ಕ್ರೂಸರನ್ನು ಕೆಡಿಸಿದರು. ಚಾಲಕರು ಕೊನೇ ಗಳಿಗೆಯಲ್ಲಿ ನೀರಿಗೆ ಹಾರಿಕೊಳ್ಳುತ್ತಿದ್ದರು. 1967ರಲ್ಲಿ ಈಜಿಪ್ಟಿನ ಸಣ್ಣ ದೋಣಿಗಳು ಹಾರಿಸಿದ ಕ್ಷಿಪಣಿಗಳಿಗೆ ಇಸ್ರೇಲಿನ ಐಲಾತ್ ಯುದ್ಧನೌಕೆ ಮುಳುಗಿತು. 1971ರ ಡಿಸೆಂಬರ್‌ನಲ್ಲಿ ಭಾರತದ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಗೆ ಹೋಗಿ ಹೊಡೆದು ಬಂದವು. ಪ್ರತಿ ಸಲವೂ ಇದೇ ಮಾತು ಎದ್ದಿತು. ಹಡಗುಗಳು ಹೋಗಲಿಲ್ಲ, ಬದಲಾದವು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಣ್ಣ ದೇಶ ಡ್ರೋನ್ ನಂಬಬಹುದೇ? ಯಾವುದಕ್ಕೆ ನಂಬುತ್ತೀರಿ ಎಂಬುದರ ಮೇಲೆ ನಿಂತಿದೆ. ಶತ್ರುವಿಗೆ ನಿಮ್ಮ ಕರಾವಳಿ ಹತ್ತಿರ ಬರಲು ಬಿಡದಿರುವುದು ಒಂದು ಕೆಲಸ. ಆ ಕಡಲನ್ನು ನೀವೇ ಬಳಸುವುದು ಇನ್ನೊಂದು. ಮೊದಲನೆಯದಕ್ಕೆ ಡ್ರೋನ್ ತುಂಬಾ ಒಳ್ಳೆಯ ಸಾಧನ. ಎರಡನೆಯದಕ್ಕೆ ಅದೊಂದೇ ಸಾಲದು. ಹೂತಿಗಳ ದಾಳಿಗೆ ಹೆದರಿ ಕಂಟೇನರ್ ಹಡಗುಗಳು ಆಫ್ರಿಕಾ ಸುತ್ತು ಹಾಕಿದವು, ಆದರೆ ಕೆಂಪು ಸಮುದ್ರ ಹೂತಿಗಳ ಕೈಗೆ ಬರಲಿಲ್ಲ. ಉಕ್ರೇನ್ 2023ರ ಆಗಸ್ಟ್‌ನಲ್ಲಿ ತನ್ನದೇ ಹಡಗು ದಾರಿ ತೆರೆದದ್ದು ನಿಜ. ಅದರ ಹಿಂದೆ ಡ್ರೋನಿನ ಭಯವಿತ್ತು, ದಡದ ಕ್ಷಿಪಣಿಯ ಭಯವೂ ಇತ್ತು, ಜೊತೆಗೆ ರುಮೇನಿಯಾ, ಬಲ್ಗೇರಿಯಾ ಕರಾವಳಿಗೆ ಅಂಟಿಕೊಂಡು ಹೋಗುವ ಅನುಕೂಲವಿತ್ತು. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಟರ್ಕಿ ತನ್ನ ಜಲಸಂಧಿಗಳನ್ನು ಯುದ್ಧನೌಕೆಗಳಿಗೆ ಮುಚ್ಚಿದ್ದರಿಂದ ರಷ್ಯಾಕ್ಕೆ ಮುಳುಗಿದ ಹಡಗಿನ ಬದಲಿಗೆ ಆ ದಾರಿಯಲ್ಲಿ ಇನ್ನೊಂದನ್ನು ತರಲಾಗಲಿಲ್ಲ. ಬೇಲಿ ಹಾಕಿದ ಕೆರೆಯಂಥ ಕಡಲದು. ಸಾಗರಕ್ಕೆ ತೆರೆದ ಕರಾವಳಿಯಲ್ಲಿ ಇಷ್ಟು ಅನುಕೂಲ ಸಿಗುವುದಿಲ್ಲ. ಅಲ್ಲಿನ ದೊಡ್ಡ ಅಲೆಗೆ ಐದೂವರೆ ಮೀಟರ್ ದೋಣಿ ತಡೆದುಕೊಳ್ಳುವುದೇ ಕಷ್ಟ. ಉದಾಹರಣೆಗೆ, ಚೀನಾಕ್ಕೂ ತೈವಾನಿಗೂ ನಡುವಿನ ತೈವಾನ್ ಜಲಸಂಧಿಯ ಅತಿ ಕಿರಿದಾದ ಜಾಗವೇ 130 ಕಿಮೀ ಅಗಲ, ಚಳಿಗಾಲದ ಗಾಳಿಗೆ ಅಲ್ಲಿನ ನೀರು ಕುದಿಯುವಂತಿರುತ್ತದೆ.

ನಾನು ಸಲಹೆ ಕೊಡುವ ಜಾಗದಲ್ಲಿದ್ದರೆ ಮೊದಲ ದುಡ್ಡು ಕಣ್ಣಿಗೆ ಹಾಕುತ್ತೇನೆ: ದಡದ ರೇಡಾರ್, ಕ್ಯಾಮೆರಾ, ಕಣ್ಗಾವಲು ಡ್ರೋನ್, ಇವೆಲ್ಲವನ್ನೂ ಒಂದೇ ನಕ್ಷೆ ಮೇಲೆ ತರುವ ಕೋಣೆ. ಆಮೇಲೆ ಜಾಗ ಬದಲಿಸುತ್ತಾ ಓಡಾಡುವ ಲಾರಿ ಮೇಲಿನ ಕ್ಷಿಪಣಿಗಳು. ಕಡಿಮೆಯಿದ್ದರೂ ಪರವಾಗಿಲ್ಲ, ಇರಬೇಕು. ಅವುಗಳ ಭಯಕ್ಕೆ ದೊಡ್ಡ ಹಡಗು ದೂರ ನಿಲ್ಲುತ್ತದೆ. ಡ್ರೋನ್ ದೋಣಿಗಳನ್ನು ಒಮ್ಮೆಗೇ ರಾಶಿ ಕೊಳ್ಳುವ ಬದಲು ಪ್ರತಿ ವರ್ಷ ಸ್ವಲ್ಪ ಸ್ವಲ್ಪ, ಸುಧಾರಿಸುತ್ತಾ ಕಟ್ಟುವ ಕಾರ್ಖಾನೆ ಬೇಕು. ಅವನ್ನು ನಡೆಸುವವರಿಗೆ ರಾತ್ರಿ, ಮಳೆ, ಅಲೆಯಲ್ಲಿ ತರಬೇತಿ ಬೇಕು.

ಕಡಲ ಮೈನುಗಳನ್ನು, ಅಂದರೆ ಹಡಗು ತಾಕಿದರೆ ಸಿಡಿಯುವಂತೆ ನೀರಿನಲ್ಲಿ ಹಗ್ಗ ಕಟ್ಟಿ ಬಿಡುವ ಸ್ಫೋಟಕಗಳನ್ನು, ಹಳೇ ಕಾಲದ್ದು ಅಂತ ತಳ್ಳಿಹಾಕುವವರಿದ್ದಾರೆ. 1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಅಮೆರಿಕದ ಫ್ರಿಗೇಟನ್ನು ಹೆಚ್ಚುಕಡಿಮೆ ಎರಡು ತುಂಡು ಮಾಡಿದ್ದು 1908ರ ವಿನ್ಯಾಸದ, ಸುಮಾರು 1,500 ಡಾಲರಿನ ಮೈನು. ಅಗ್ಗ ಎಂದರೆ ಅದು ಅಗ್ಗ. ಆದರೆ ಹಗ್ಗ ಕಿತ್ತುಕೊಂಡ ಮೈನು ತನ್ನವರು, ಪರರು ಅಂತ ನೋಡುವುದಿಲ್ಲ. ಯುದ್ಧ ಮುಗಿದು ವರ್ಷಗಳಾದರೂ ಮೀನಿನ ಬಲೆಗೆ ಸಿಗುತ್ತದೆ. ಎಲ್ಲಿ ಹಾಕಿದೆವು ಎಂದು ಬರೆದಿಡದೆ ಒಂದೇ ಒಂದು ಮೈನನ್ನೂ ನೀರಿಗಿಳಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮಗಳ ವಿಚಾರ. ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಮುದ್ರದ ಕೆಲಸದಲ್ಲಿ ಅಪಾಯ ಮೊದಲಿನಿಂದಲೂ ಇದೆ. ಅವಳು ಹಡಗು ಹತ್ತಿದರೆ ಅದರಲ್ಲಿ ಡ್ರೋನ್ ಇರುತ್ತದೆ, ಡ್ರೋನ್ ಕೆಡವುವ ಸಾಧನವೂ ಇರುತ್ತದೆ. ಎರಡನ್ನೂ ನಡೆಸುವವರು ಬೇಕಾಗುತ್ತಾರೆ. ಎಲೆಕ್ಟ್ರಾನಿಕ್ಸ್, ರೇಡಿಯೊ ಸಿಗ್ನಲ್, ಡೇಟಾ ಓದುವ ಕೌಶಲ, ಈ ಮೂರರ ಕಡೆ ಅವಳಿಗೆ ಒಲವಿದ್ದರೆ ಈಗಿನಿಂದಲೇ ಓದಲಿ. ಹಾಗೆಯೇ ರಾತ್ರಿ ಕಾವಲಿನಲ್ಲಿ ಪರದೆ ಒಂದನ್ನೇ ನಂಬಬೇಡ, ಹೊರಗೆ ನಿಂತ ಹುಡುಗ ಏನು ಕಂಡೆ ಎನ್ನುತ್ತಾನೋ ಕೇಳು ಅಂತ ಹೇಳಿ. ಆ ರಾತ್ರಿ ಲಾಟೀನನ್ನು ಮೊದಲು ಕಂಡದ್ದು ಅವನೇ.